ಎರಡು ಕಾಲಿನ ಮೂಲಂಗಿ

ನಮ್ಮೂರು ಅಂತರಘಟ್ಟೆಯ ಕಟ್ಟೆಯ ಮೇಲೆ ಮಾತು ಎಲ್ಲಿಂದ ಹೊರಟರೂ ಕೊನೆಗೆ ಬಂದು ನಿಲ್ಲುವುದು ಎರಡೇ ಕಡೆ: ಅಡಿಕೆ ಧಾರಣೆ, ಈರುಳ್ಳಿ ಧಾರಣೆ. ಅಂಥಲ್ಲಿ ಹೋಗಿ ‘ಹಿತ್ತಲಲ್ಲಿ ಮೂಲಂಗಿ ಹಾಕಿದೀನಿ’ ಅನ್ನುವುದು ಕುಸ್ತಿ ಕಣದಲ್ಲಿ ಚೌಕಾಬಾರದ ಮನೆ ಬರೆದಂತೆ. ಹಿರಿಯರೊಬ್ಬರು ಮರ್ಯಾದೆಗೆ ‘ಎಷ್ಟೆಕರೆ?’ ಅಂದರು. ‘ಎಂಟಡಿಗೆ ನಾಲ್ಕಡಿ’ ಅಂದೆ. ಅವರು ಎಲೆಗೆ ಸುಣ್ಣ ಸವರುವುದರಲ್ಲಿ ಮುಳುಗಿಹೋದರು.

ನನಗೂ ಒಂದು ಲೆಕ್ಕವಿತ್ತು. ಫೆಬ್ರವರಿ ಹೊತ್ತಿಗೆ ದುರ್ಗಾಂಬೆಯ ಜಾತ್ರೆ. ಸುತ್ತಲಿನ ಊರುಗಳಿಂದ ಪಾನಕದ ಗಾಡಿಗಳು ಧೂಳೆಬ್ಬಿಸಿಕೊಂಡು ಬರುತ್ತವೆ. ಎತ್ತುಗಳ ಹಿಂದೆಯೇ ನೆಂಟರು. ಅವರಿಗೆ ಮೂಲಂಗಿ ಹುಳಿ ಬಡಿಸಿ, ‘ಅಂಗಡೀದಲ್ಲ, ಮನೇದು’ ಅಂತ ಒಂದು ಮಾತು ತೇಲಿಬಿಡುವ ಆಸೆ. ಬೀಜವನ್ನೂ ಹುಡುಕಿ ತರಿಸಿದ್ದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ನಿಶಾಂತ್’. 50-55 ದಿನದ ಬೆಳೆ. ಬೆಂಡಾಗದಂತೆ, ಬೇರು ಕವಲೊಡೆಯದಂತೆ ತಿದ್ದಿದ ತಳಿ. ಡಿಸೆಂಬರಿನಲ್ಲಿ ಬಿತ್ತಿದರೆ ಜಾತ್ರೆಗೆ ಸರಿಯಾಗಿ ಕೈಗೆ.

ತಳಿ ತಿದ್ದಿದವರು ನನ್ನ ಅಕ್ಕರೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮ ಎರೆಮಣ್ಣು ನೆಂದರೆ ಅಂಟು, ಒಣಗಿದರೆ ಕಲ್ಲು. ಅದನ್ನು ಒಂದೂವರೆ ಗೇಣು ಅಗೆದು ಪುಡಿಮಾಡಬೇಕಿತ್ತು. ನಾನು ನಾಲ್ಕು ಬೆರಳು ಕೆರೆದು ಸೊಂಟ ಹಿಡಿದುಕೊಂಡೆ. ಆ ಕೊರತೆ ತುಂಬಲು ಎರಡು ಮಂಕರಿ ಹಸಿ ಸಗಣಿ ಸುರಿದೆ. ಬೀಜ ಚೆಲ್ಲಿದ ನಾಲ್ಕನೇ ದಿನಕ್ಕೆ ಮೊಳಕೆ ಬಂತು, ಸಂತೆ ದಿನದ ಬಸ್ಸಿನ ಹಾಗೆ ಒಂದರ ಮೇಲೊಂದು. ಒತ್ತಾದ ಸಸಿ ಕಿತ್ತು ತೆಳುವು ಮಾಡಬೇಕೆಂದು ಓದಿದ್ದೆ. ಆದರೆ ಕಣ್ಣು ಬಿಟ್ಟು ವಾರವಾಗದ ಕೂಸುಗಳಲ್ಲಿ ಯಾವುದನ್ನು ಕೀಳಲಿ? ನೀರು ಹಾಕಿ ಒಳಗೆ ಬಂದೆ.

ಸೊಪ್ಪೇನೋ ಮೊಣಕಾಲೆತ್ತರ ಬೆಳೆಯಿತು. ಜಾತ್ರೆಗೆ ಬಂದವರನ್ನೆಲ್ಲ ಹಿತ್ತಲಿಗೆ ಕರೆದು, ಎಲ್ಲರೆದುರು ಒಂದನ್ನು ಕಿತ್ತೆ. ಎರಡು ಕಾಲು ಬಂದವು, ಒಂದರ ಮೇಲೊಂದು ಹಾಕಿಕೊಂಡು. ಇನ್ನೊಂದಕ್ಕೆ ಮೂರು. ಮತ್ತೊಂದು ಇಲಿಬಾಲದಷ್ಟು. ಭಾವ ಗಂಭೀರವಾಗಿ ‘ಇದಕ್ಕೆ ಹುಳಿ ಬೇಡ ಕಣಯ್ಯ, ಚಡ್ಡಿ ಹೊಲಿಸು’ ಅಂದರು. ಮೆಕ್ಸಿಕೋ ದೇಶದ ಓಹಾಕಾ ಎಂಬ ಊರಿನಲ್ಲಿ 1897ರಿಂದ ಪ್ರತಿ ಡಿಸೆಂಬರ್ 23ಕ್ಕೆ ಮೂಲಂಗಿ ಕೆತ್ತಿ ಗೊಂಬೆ ಮಾಡಿ ಸ್ಪರ್ಧೆ ನಡೆಸುತ್ತಾರಂತೆ. ನನ್ನವು ಕೆತ್ತುವ ಮೊದಲೇ ಗೊಂಬೆ. ಆದರೆ ಅಲ್ಲಿಗೆ ನಮ್ಮೂರಿಂದ ಗಾಡಿ ಹೋಗುವುದಿಲ್ಲ.

ನೆಂಟರೆಲ್ಲ ನಕ್ಕು ಮುಗಿಸಿದ ಮೇಲೆ ದೊಡ್ಡಮ್ಮ ಒಂದು ತುಂಡು ಕಚ್ಚಿ ನೋಡಿದರು. ಮೂಲಂಗಿಯ ಖಾರ ಮೊದಲೇ ಇರುವಂಥದ್ದಲ್ಲ. ಸಾಸಿವೆಯ ಕುಲದ ಈ ಗಿಡ ಎರಡು ವಸ್ತುಗಳನ್ನು ಒಳಗೆ ಅತ್ತೆ-ಸೊಸೆಯರ ಹಾಗೆ ಬೇರೆ ಬೇರೆ ಇಟ್ಟಿರುತ್ತದೆ. ಹಲ್ಲು ತಗಲಿ ನಡುಗೋಡೆ ಬಿದ್ದಾಗಲೇ ಜಗಳ, ಅದೇ ಖಾರ. ದೊಡ್ಡಮ್ಮನ ಖಾರಕ್ಕೆ ಮಾತ್ರ ಗೋಡೆ-ಗೀಡೆ ಇರಲಿಲ್ಲ.

‘ಹಸಿ ಸಗಣಿ ಹಾಕ್ದೆ ಅಲ್ವೇನೋ? ಬೇರು ಕೆಳಗಿಳಿಯೋಕೆ ಹೋಗಿ ಹೆಂಟೆಗೋ ಸಗಣಿಗೋ ಡಿಕ್ಕಿ ಹೊಡೀತು, ಕವಲಾಯ್ತು. ಕಳಿತ ತಿಪ್ಪೆ ಗೊಬ್ಬರ ಹಾಕು, ಅದೂ ಬಿತ್ತೋಕೆ ಮುಂಚೆ. ನಾಲ್ಕು ಬೆರಳಿಗೊಂದು ಬಿಟ್ಟು ಉಳಿದಿದ್ದೆಲ್ಲ ಕೀಳು.’

‘ಪಾಪ ಅನ್ನಿಸ್ತು ದೊಡ್ಡಮ್ಮ.’

‘ಹಂಗಾದ್ರೆ ಸೊಪ್ಪು ತಿನ್ಕೊಂಡಿರು.’

ಮರುವರ್ಷ ಹಾಗೇ ಮಾಡಿದೆ. ಮರಳು, ಹಳೇ ಗೊಬ್ಬರ ಬೆರೆಸಿ ಏರಿ ಕಟ್ಟಿ, ಬೆರಳಿನ ಅರ್ಧ ಗೆಣ್ಣಿನಷ್ಟು ಆಳಕ್ಕೆ ಬೀಜವಿಟ್ಟೆ. ಹತ್ತನೇ ದಿನ ಕಣ್ಣು ಕಿರಿದು ಮಾಡಿಕೊಂಡು ಸಸಿ ಕಿತ್ತೆ. ಅವು ಅಂದೇ ಮುದ್ದೆಗೆ ಸೊಪ್ಪಿನ ಪಲ್ಯವಾದವು. ಪಾಪಪ್ರಜ್ಞೆ ಎರಡನೇ ತುತ್ತಿಗೇ ಇಳಿದುಹೋಯಿತು. ನೀರನ್ನು ಒಂದು ದಿನ ಬರ, ಇನ್ನೊಂದು ದಿನ ಪ್ರವಾಹ ಮಾಡದೆ ಹದವಾಗಿ ಕೊಟ್ಟೆ. ಇಲ್ಲದಿದ್ದರೆ ಗಡ್ಡೆ ಸೀಳುತ್ತದೆ. ಎಲ್ಲಕ್ಕಿಂತ ಕಷ್ಟವಾದದ್ದು ದಿನಾ ಬೆಳಗ್ಗೆ ಕೆದಕಿ ನೋಡದೆ ಇರುವುದು.

ಐವತ್ತೆರಡನೇ ದಿನ ಒಂದನ್ನು ಕಿತ್ತೆ. ಗೇಣಿಗೂ ಮೀರಿ ಉದ್ದ, ಬೆಳ್ಳಗೆ, ನೆಟ್ಟಗೆ, ಒಂದೇ ಕಾಲು. ತೊಳೆದು, ಸೊಪ್ಪು ಸಮೇತ ಕಟ್ಟೆಗೆ ಒಯ್ದೆ. ಅಡಿಕೆ ಧಾರಣೆ ಅರ್ಧಕ್ಕೆ ನಿಂತಿತು. ಅದೇ ಹಿರಿಯರು ಕೈಗೆ ತೆಗೆದುಕೊಂಡು ಉಗುರಿಂದ ಗೀರಿ, ಮುರಿದು, ಒಂದು ಚೂರು ಬಾಯಿಗೆ ಹಾಕಿಕೊಂಡರು. ನಾನು ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ನಿಂತವನಂತೆ ನಿಂತೆ.

‘ಇನ್ನೊಂದು ವಾರ ಬಿಟ್ಟಿದ್ರೆ ಬೆಂಡಾಗ್ತಿತ್ತು’ ಅಂದರು. ಉಳಿದದ್ದನ್ನು ಸೊಪ್ಪಿನ ಸಮೇತ ವಲ್ಲಿಯಲ್ಲಿ ಸುತ್ತಿ ಪಕ್ಕಕ್ಕಿಟ್ಟುಕೊಂಡು, ‘ಈರುಳ್ಳಿ ಎಷ್ಟಕ್ಕೆ ಹೋಯ್ತಂತೆ?’ ಎಂದು ಆಚೆಯವರ ಕಡೆ ತಿರುಗಿದರು.