ಉಪ್ಪರಿಗೆ ಮಾಣಿ

ಸಾಗರ, ಸಿರ್ಸಿ ಕಡೆಯ ಯಾವ ಊರಿಗೆ ಹೋದರೂ ಈಗ ಉಪ್ಪರಿಗೆ ಮೇಲೆ ಒಬ್ಬ ಮಾಣಿ ಇರುತ್ತಾನೆ. ವಯಸ್ಸು ಮೂವತ್ತರ ಆಚೀಚೆ. ಕಿವಿಗೆ ಹೆಡ್‌ಫೋನ್, ಎದುರಿಗೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಅಮ್ಮ ಇಟ್ಟುಹೋಗಿ ಆರಿದ ಚಹಾ. ಮೇಲೆ ಇಸ್ತ್ರಿ ಅಂಗಿ, ಕೆಳಗೆ ಲುಂಗಿ ಎಂಬ ಜೋಕು 2020ರಲ್ಲೇ ಹಳಸಿತು. ಇವನು ಅದನ್ನೂ ದಾಟಿದ್ದಾನೆ. ಕ್ಯಾಮೆರಾವನ್ನೇ ಹಾಕುವುದಿಲ್ಲ, ಹಾಗಾಗಿ ಅಂಗಿಯ ಗೊಡವೆಯೂ ಇಲ್ಲ.

ಬೆಂಗಳೂರಿನಿಂದ ಬಂದದ್ದು ಆ ವರ್ಷದ ಮಾರ್ಚಿನಲ್ಲಿ, ಲಾಕ್‌ಡೌನಿಗೆ ಸ್ವಲ್ಪ ಮೊದಲು, ಹದಿನೈದು ದಿನಕ್ಕಾಗುವಷ್ಟು ಬಟ್ಟೆ ತುಂಬಿಕೊಂಡು. ಕೊರೊನಾ ಇಳಿದ ಮೇಲೆ ಕಂಪನಿ "ವಾರಕ್ಕೆ ಮೂರು ದಿನವಾದರೂ ಬಾ" ಎಂದಿತು. ಇವನು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕನ್ನು ಒಂದು ಸಲ ನೆನೆಸಿಕೊಂಡ, ರಾಜೀನಾಮೆ ತಾನಾಗಿಯೇ ಟೈಪ್ ಆಯಿತು. ಈಗ ಸ್ವಂತ ಕೆಲಸ. ಯಾರಿಗೆ ಬೇಕೋ ಅವರಿಗೆ, ಎಷ್ಟು ಬೇಕೋ ಅಷ್ಟು. ಸದ್ಯಕ್ಕೆ ಕ್ಯಾಲಿಫೋರ್ನಿಯಾದಲ್ಲಿ ನಾಯಿಗಳಿಗೆ ಮೈತೊಳೆದು ಕೂದಲು ಕತ್ತರಿಸುವ ಅಂಗಡಿಯೊಂದಕ್ಕೆ ಬುಕಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದಾನೆ. ಇದನ್ನು ಅವನು ಅಜ್ಜಿಗೆ ಬಿಡಿಸಿ ಹೇಳಬಾರದಿತ್ತು.

"ನಾಯಿಗೆ ಸ್ನಾನ ಮಾಡ್ಸಲೆ ಇಷ್ಟೆಲ್ಲ ಓದಕಾಗಿತ್ತನ?" ಎಂದು ಅಜ್ಜಿ ಕೇಳಿದಳು. ಮಾತು ಬೇಲಿ ದಾಟಿತು. ಅಂದಿನಿಂದ ಊರಲ್ಲಿ ಯಾರ ನಾಯಿಗೆ ಉಣುಗು ಹತ್ತಿದರೂ ಫೋನ್ ಇವನಿಗೇ.

ಮನೆಯಿಂದ ಕೆಲಸ ಮಾಡಿ ಉದ್ಧಾರವಾಗುವುದು ಹೇಗೆಂದು ಹೇಳುವ ಪುಸ್ತಕಗಳು ಬೇಕಾದಷ್ಟಿವೆ. ಅವುಗಳಲ್ಲಿ ತಪ್ಪದೆ ಬರುವ ಒಂದು ಉಪಾಯ ಪೊಮೊಡೊರೊ. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಎಂಬಾತ ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಎದುರಿಗಿಟ್ಟುಕೊಂಡು ಕಂಡುಕೊಂಡದ್ದು. 25 ನಿಮಿಷ ತಲೆ ಎತ್ತದೆ ಕೆಲಸ, 5 ನಿಮಿಷ ವಿರಾಮ. ಚಿರಿಲ್ಲೊನ ಮನೆಯಲ್ಲಿ ಕೊಟ್ಟಿಗೆ ಇರಲಿಲ್ಲವೆಂದು ನನ್ನ ಊಹೆ. ನಮ್ಮ ಮಾಣಿ ಗಡಿಯಾರ ತಿರುಗಿಸಿಟ್ಟು ಏಳನೇ ನಿಮಿಷಕ್ಕೆ ಕೆಳಗಿನಿಂದ ಕರೆ ಬರುತ್ತದೆ: "ಹೆಂಗಿದ್ರೂ ಮನೇಲೇ ಇರ್ತ್ಯಲ, ಒಂಚೂರು ಬಾ."

ಈ "ಹೆಂಗಿದ್ರೂ ಮನೇಲೇ ಇರ್ತ್ಯಲ" ಎಂಬುದು ಅವನ ಪಾಲಿಗೆ ಮೇಲಧಿಕಾರಿಯ ಆಜ್ಞೆಗಿಂತ ಬಿಗಿ. ಇದರ ಹಿಂದೆಯೇ ಗ್ಯಾಸ್ ಸಿಲಿಂಡರ್ ಬರುತ್ತದೆ, ಸೊಸೈಟಿಯ ಗೊಬ್ಬರ ಬರುತ್ತದೆ, ದಾರಿ ತಪ್ಪಿದ ಎಮ್ಮೆಯೂ ಬರುತ್ತದೆ. ಮನೆಯವರದು ಮುಗಿಯಿತು ಎನ್ನುವಾಗ ಊರವರದು. ಪಹಣಿಗೆ ಆಧಾರ್ ಜೋಡಿಸುವುದು, ಪಿಎಂ ಕಿಸಾನ್‌ಗೆ ಇ-ಕೆವೈಸಿ ಮಾಡುವುದು, ಬೆಳೆ ಸಮೀಕ್ಷೆ ಆ್ಯಪಿಗೆ ತೋಟದ ಮೂಲೆಯಲ್ಲಿ ನಿಂತು ಫೋಟೊ ಹೊಡೆಯುವುದು. ಗ್ರಾಮ ಒನ್ ಕೇಂದ್ರಕ್ಕೆ ಹೋದರೆ ಶುಲ್ಕ ಕೊಡಬೇಕು, ಸರದಿ ಕಾಯಬೇಕು. ಉಪ್ಪರಿಗೆ ಒನ್‌ನಲ್ಲಿ ಎರಡೂ ಇಲ್ಲ, ಮೇಲಾಗಿ ಕಾಫಿ. ತಾಸಿಗೆ ಇಷ್ಟು ಡಾಲರ್ ಎಂದು ಅಮೆರಿಕದವನಿಗೆ ಬಿಲ್ ಹಾಕುವ ಮನುಷ್ಯ ಆಚೆಮನೆ ಸುಬ್ರಾಯ ಭಾವನಿಗೆ ಓಟಿಪಿ ಎಲ್ಲಿ ಬರುತ್ತದೆಂದು ಹುಡುಕಿಕೊಡುವುದರಲ್ಲಿ ಮುಕ್ಕಾಲು ತಾಸು ಕಳೆದಿರುತ್ತಾನೆ. ಭಾವ ಹೋಗುವಾಗ ಒಂದು ಸೌತೆಕಾಯಿ ಕೊಡುತ್ತಾನೆ. ಅದಕ್ಕೆ ಇನ್ವಾಯ್ಸ್ ಇಲ್ಲ.

ಒಮ್ಮೆ ಇವನು ಒಂದು ವ್ಯವಸ್ಥೆ ಮಾಡಿದ. ಉಪ್ಪರಿಗೆ ಮೆಟ್ಟಿಲಿನ ಕಂಬಿಗೆ ಕೆಂಪು ಬೈರಾಸ ಇಳಿಬಿಟ್ಟಿದ್ದರೆ ಮೀಟಿಂಗ್ ನಡೆದಿದೆ ಎಂದರ್ಥ, ಯಾರೂ ಕರೆಯಬಾರದು. ಎಲ್ಲರೂ ತಲೆಯಾಡಿಸಿದರು. ಮಾರನೇ ದಿನ ಬೈರಾಸ ಕಂಡ ಅಮ್ಮ "ಎಷ್ಟು ಕೊಳೆಯಾಗಿದೆ" ಎಂದು ಅದನ್ನು ಒಗೆಯಲು ಒಯ್ದಳು. ವ್ಯವಸ್ಥೆ ಇಡೀ ದಿನ ತಂತಿಯ ಮೇಲೆ ಒಣಗಿತು.

ಸುಗ್ಗಿಯಲ್ಲಂತೂ ಕೇಳುವುದೇ ಬೇಡ. ಅಂಗಳದ ತುಂಬ ಅಡಿಕೆ ಹರವಿದಾಗ ಗುಡ್ಡದ ಆಚೆ ಮೋಡ ಕಪ್ಪಾದರೆ, ಮನೆಯಲ್ಲಿ ಕೈಕಾಲಿರುವ ಪ್ರತಿಯೊಬ್ಬನೂ ಓಡಲೇಬೇಕು. ಆ ಹೊತ್ತಿಗೆ ಸರಿಯಾಗಿ ಗಿರಾಕಿ ಕಾಲ್‌ನಲ್ಲಿರುತ್ತಾನೆ. "ಕ್ಷಮಿಸಿ, ಇಲ್ಲೊಂದು ತುರ್ತು ಪ್ರೊಡಕ್ಷನ್ ಸಮಸ್ಯೆ" ಎಂದು ಮಾಣಿ ಮ್ಯೂಟ್ ಒತ್ತಿ ಧುಮುಕುತ್ತಾನೆ. ಇದರಲ್ಲಿ ಸುಳ್ಳೇನಿದೆ? ವರ್ಷದ ಪ್ರೊಡಕ್ಷನ್ ಪೂರ್ತಿ ಅಂಗಳದಲ್ಲಿದೆ.

ಇನ್ನು ಅವನ ಗಡಿಯಾರದ ಕತೆ. ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಒಂಬತ್ತಾದಾಗ ನಮ್ಮಲ್ಲಿ ರಾತ್ರಿ ಹತ್ತೂವರೆ. ಆದರೆ ಮಾರ್ಚಿನ ಎರಡನೇ ಭಾನುವಾರ ಅವರು ಗಡಿಯಾರವನ್ನು ಒಂದು ತಾಸು ಮುಂದೆ ತಿರುಗಿಸುತ್ತಾರೆ, ಆಗ ಅವರ ಒಂಬತ್ತರ ಮೀಟಿಂಗ್ ನಮಗೆ ಒಂಬತ್ತೂವರೆಗೆ. ನವೆಂಬರಿನ ಮೊದಲ ಭಾನುವಾರ ಮತ್ತೆ ಹಿಂದಕ್ಕೆ. ಊಟದ ಹೊತ್ತು ಹಿಂದೆ ಮುಂದೆ ಆಗುವುದೇಕೆಂದು ಅಪ್ಪಯ್ಯ ವಿಚಾರಿಸಿದಾಗ ಮಾಣಿ ಇದನ್ನೆಲ್ಲ ವಿವರಿಸಿದ. ಅಪ್ಪಯ್ಯ ಕವಳ ಜಗಿಯುವುದನ್ನು ನಿಲ್ಲಿಸಿ ಗಂಭೀರವಾಗಿ ಕೇಳಿದ್ದು ಒಂದೇ ಪ್ರಶ್ನೆ: "ಹಂಗಾರೆ ಅವರ ರಾಹುಕಾಲ?"

ಅವನ ವೃತ್ತಿ ಉಳಿದಿರುವುದು ಇಬ್ಬರ ಕೈಯಲ್ಲಿ. ಲೈನ್‌ಮನ್ ಒಬ್ಬ, ಫೈಬರ್ ಎಳೆದ ಹುಡುಗ ಇನ್ನೊಬ್ಬ. ಇವರ ನಂಬರು ಫೋನಿನಲ್ಲಿ ಅಪ್ಪ ಅಮ್ಮನಿಗಿಂತ ಮೇಲಿದೆ. ಇವರು ಗಾಡಿ ನಿಲ್ಲಿಸಿದರೆ ಹಲಸಿನ ಚಿಪ್ಸ್ ಡಬ್ಬಿ ಹೊರಗೆ ಬರುತ್ತದೆ, ಅಳಿಯ ಬಂದರೂ ಬರದ ಡಬ್ಬಿ. ಜೂನ್ ಹಿಡಿಯಿತೆಂದರೆ ಮರ ಬೀಳುತ್ತದೆ, ಮರದೊಂದಿಗೆ ತಂತಿ ಬೀಳುತ್ತದೆ, ಇನ್ವರ್ಟರ್ ಸಂಜೆಯವರೆಗೆ ಕೂಗಿ ಸುಮ್ಮನಾಗುತ್ತದೆ. ಒಂದೇ ಮಳೆಗಾಲದಲ್ಲಿ ಮೂರನೇ ಸಲ "ಮರ ಬಿತ್ತು" ಎಂದು ಸಂದೇಶ ಕಳಿಸಿದಾಗ ಅಮೆರಿಕದವನಿಗೆ ಅನುಮಾನ ಬಂತು. "ನಿಮ್ಮೂರಲ್ಲಿ ಒಟ್ಟು ಎಷ್ಟು ಮರಗಳಿವೆ?" ಎಂದು ಬರೆದ. ಮಾಣಿ ಉಪ್ಪರಿಗೆ ಕಿಟಕಿಯಿಂದ ಕಾಣುವಷ್ಟನ್ನು ಫೋಟೊ ಹಿಡಿದು ಕಳಿಸಿದ. ಆಮೇಲೆ ಆತ ಮರದ ಬಗ್ಗೆ ಕೇಳುವುದು ಬಿಟ್ಟು ಬಾಡಿಗೆಗೆ ಕೋಣೆ ಸಿಗುತ್ತದೆಯೇ ಎಂದು ಕೇಳುತ್ತಿದ್ದಾನೆ.

ಸಂಪಾದನೆ ಚೆನ್ನಾಗಿದೆ. ಚೆನ್ನಾಗಿದೆಯೆಂದು ಬ್ಯಾಂಕಿಗೆ ಗೊತ್ತಾಗಬೇಕಷ್ಟೆ. ಕಾರಿನ ಸಾಲಕ್ಕೆ ಹೋದಾಗ ಮ್ಯಾನೇಜರು ಸಂಬಳದ ಚೀಟಿ ಕೇಳಿದರು. ಸಂಬಳವೇ ಇಲ್ಲ ಎಂದರೆ ಕನ್ನಡಕದ ಮೇಲಿನಿಂದ ನೋಡಿದರು. ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಮುಂದಿಟ್ಟ. ಅಲ್ಲೊಂದು ತಮಾಷೆ ಇದೆ, ಇಂಥ ಕೆಲಸದವರೆಲ್ಲ ಬಲ್ಲ ತಮಾಷೆ. ತಾಂತ್ರಿಕ ಸಲಹೆಯಂಥ ವೃತ್ತಿಯವರಿಗೆ ಅಂದಾಜು ಲೆಕ್ಕದ ಒಂದು ಸಲೀಸು ದಾರಿಯಿದೆ. ಹಳೆಯ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಸೆಕ್ಷನ್ ಎಂದರೆ ಅವರ ಬಳಗದಲ್ಲಿ ಕುಲದೇವರ ಹೆಸರಿದ್ದ ಹಾಗೆ. ಬಂದ ಹಣದಲ್ಲಿ ಅರ್ಧವನ್ನು ಲಾಭವೆಂದು ಒಪ್ಪಿಕೊಂಡು ತೆರಿಗೆ ಕಟ್ಟಿದರೆ ದಪ್ಪ ಲೆಕ್ಕಪುಸ್ತಕ ಇಡುವ ತಲೆನೋವಿಲ್ಲ. ನಗದು ವ್ಯವಹಾರ ಹೆಚ್ಚಿಲ್ಲದಿದ್ದರೆ ವರ್ಷಕ್ಕೆ 75 ಲಕ್ಷದವರೆಗೂ ಈ ದಾರಿ ತೆರೆದಿದೆ. ತೆರಿಗೆ ಕಟ್ಟುವಾಗ ಮಾಣಿ ಈ ಅರ್ಧದ ಲೆಕ್ಕಕ್ಕೆ ಕೈಮುಗಿದಿದ್ದ. ಸಾಲ ಕೇಳುವಾಗ ಅದೇ ಅರ್ಧ ಎದುರು ಬಂದು ನಿಂತಿತು. ಬ್ಯಾಂಕು ಅವನನ್ನು ಅರ್ಧ ಮನುಷ್ಯನೆಂದು ಲೆಕ್ಕ ಹಾಕಿ, ಅರ್ಧ ಕಾರಿಗಾಗುವಷ್ಟು ಸಾಲ ಮಂಜೂರು ಮಾಡಿತು.

ಮದುವೆ ಮಾತಿನಲ್ಲಿ ಆ ಅರ್ಧವೂ ಉಳಿಯುವುದಿಲ್ಲ. "ಮಾಣಿಗೆ ಅಮೆರಿಕದ ಕೆಲಸ" ಎಂದು ಅಪ್ಪಯ್ಯ ಶುರುಮಾಡುತ್ತಾರೆ. ಆಚೆಯವರ ಧ್ವನಿ ಅರಳುತ್ತದೆ. "ಅಮೆರಿಕದಲ್ಲಿ ಎಲ್ಲಿ?" "ಉಪ್ಪರಿಗೆ ಮೇಲೆ." ಜಾತಕ ಮರುದಿನದ ವಾಟ್ಸಾಪಿನಲ್ಲೇ ವಾಪಸು.

ಇಷ್ಟಾದರೂ ಮಾಣಿ ಕೆಟ್ಟಿಲ್ಲ, ಒಂದೆರಡು ವರ್ಷದಿಂದ ಗಟ್ಟಿಯಾಗಿದ್ದಾನೆ. ಮೊದಮೊದಲು ಅಪ್‌ವರ್ಕ್ ಎಂಬ ಜಾಲತಾಣದಲ್ಲಿ ಎಲ್ಲರಿಗಿಂತ ಕಡಿಮೆ ದರ ಬರೆದು, ಎಲ್ಲದಕ್ಕೂ ಹೂಂ ಎಂದು, ರಾತ್ರಿ ಎರಡಕ್ಕೆ ಬಂದ ಸಂದೇಶಕ್ಕೆ ಎರಡು ಗಂಟೆ ಒಂದು ನಿಮಿಷಕ್ಕೆ ಉತ್ತರಿಸುತ್ತಿದ್ದ. ಆ ಚಾಳಿ ಬಿಡಿಸಿದ ಗುರು ಯಾವ ವೀಡಿಯೊದಲ್ಲೂ ಸಿಕ್ಕಿದವನಲ್ಲ, ಅವರ ತೋಟಕ್ಕೇ ಬರುವ ಕೊನೆಗೌಡ.

ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನನ್ನು ಸರಿಯಾಗಿ ನೋಡಿ. ಅವನಿಗೆ ಯಜಮಾನನಿಲ್ಲ, ಗಿರಾಕಿಗಳು ಮಾತ್ರ. ಕತ್ತಿ ಅವನದೇ, ಹಗ್ಗ ಅವನದೇ, ಈಗೀಗ ಉದ್ದನೆಯ ಫೈಬರ್ ದೋಟಿಯೂ ಅವನದೇ. ದರ ಮೊದಲೇ ಹೇಳುತ್ತಾನೆ, ಮುಂಗಡ ತೆಗೆದುಕೊಳ್ಳುತ್ತಾನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಮದ್ದು ಹೊಡೆಯುವ ಕೆಲಸವಿರುವುದರಿಂದ ಒಂದೇ ಸುಗ್ಗಿಯನ್ನು ನಂಬಿ ಕೂತವನೂ ಅಲ್ಲ. ಕರೆದ ದಿನ ಬರುವುದಿಲ್ಲ, ತಾನು ಹೇಳಿದ ದಿನ ಬರುತ್ತಾನೆ. ಅವನನ್ನು ಕಾಯುತ್ತ ಇಡೀ ಊರು ಸಾಲಿನಲ್ಲಿದೆ. ಮುಖ್ಯವಾಗಿ, ಮರದಿಂದ ಇಳಿದವನಿಗೆ "ಹೆಂಗಿದ್ರೂ ಬಂದಿದ್ಯಲ, ಆ ಸಿಲಿಂಡರ್ ಎತ್ತಿಡು" ಎನ್ನುವ ಧೈರ್ಯ ಯಾವ ಭಟ್ಟರಿಗೂ ಇಲ್ಲ.

ಮಾಣಿ ಇದನ್ನು ಕಿಟಕಿಯಿಂದ ನೋಡಿ ನೋಡಿ ಕಲಿತ. ಮುಂಗಡ ಕೇಳತೊಡಗಿದ. ದಿನಾಂಕ ತಾನೇ ಹೇಳತೊಡಗಿದ. ನಾಯಿ ಅಂಗಡಿಯ ಜೊತೆಗೆ ಜರ್ಮನಿಯ ಬೇಕರಿಯೊಂದನ್ನೂ ಹಿಡಿದ, ಒಂದು ಮುಳುಗಿದರೆ ಇನ್ನೊಂದಿರಲಿ ಎಂದು. ಆಶ್ಚರ್ಯವೆಂದರೆ ಗಿರಾಕಿಗಳು ಓಡಿಹೋಗಲಿಲ್ಲ, ಇನ್ನಷ್ಟು ಮರ್ಯಾದೆಯಿಂದ ಬರೆಯತೊಡಗಿದರು.

ಮೊನ್ನೆ ಎರಡನೇ ಕೊಯ್ಲಿಗೆ ದಿನ ಗೊತ್ತುಮಾಡಲು ಕೊನೆಗೌಡ ಬಂದಿದ್ದ. ಅಪ್ಪಯ್ಯ ಊರಲ್ಲಿರಲಿಲ್ಲ, ಮಾಣಿಯೇ ಜಗುಲಿಗೆ ಇಳಿದು ಮಾತಾಡಿದ.

"ಗುರುವಾರ ಬತ್ತೀನಿ. ಹಗ್ಗ ಹಿಡಿಯಾಕೆ ನೀವೇ ಬೇಕು, ಆಳಿಲ್ಲ."

"ಗುರುವಾರ ನಂಗೆ ಡೆಮೊ ಇದೆ ಮಾರಾಯ, ಹಿಂದಿನ ರಾತ್ರಿಯೆಲ್ಲ ಕೂರಬೇಕು. ಶನಿವಾರ ಆಗ್ತದಾ?"

ಕೊನೆಗೌಡ ಜೇಬಿನಿಂದ ಮೊಬೈಲ್ ತೆಗೆದು ಎರಡು ನಿಮಿಷ ಮೇಲೆ ಕೆಳಗೆ ಮಾಡಿದ. "ಶನಿವಾರ ಹೆಗಡೇರ ಮನೆ. ಅದು ಬಿಟ್ರೆ ಮುಂದಿನ ತಿಂಗಳು."

ಮಾಣಿ ಉಪ್ಪರಿಗೆಗೆ ಹೋಗಿ ಕ್ಯಾಲಿಫೋರ್ನಿಯಾಕ್ಕೆ ಬರೆದ: ಡೆಮೊ ಸೋಮವಾರಕ್ಕೆ ಹೋಗಿದೆ, ನಮ್ಮ ಹಿರಿಯ ಕನ್ಸಲ್ಟೆಂಟ್ ಒಬ್ಬರ ಡೇಟ್ ಬೇರೆ ಸಿಗುತ್ತಿಲ್ಲ. ಹತ್ತು ನಿಮಿಷದಲ್ಲಿ ಉತ್ತರ ಬಂತು. ಪರವಾಗಿಲ್ಲ, ಅಷ್ಟು ಬೇಡಿಕೆ ಇರುವವರಾದರೆ ಮುಂದಿನ ಮೀಟಿಂಗಿಗೆ ಅವರನ್ನೂ ಕರೆಯಿರಿ, ಅವರ ತಾಸಿನ ದರ ಎಷ್ಟು?