ಸಬ್‌ಟೈಟಲ್ ಸಾಹೇಬರಿಗೊಂದು ಬಹಿರಂಗ ಪತ್ರ

ಗೆ,
ಶ್ರೀಯುತ ಸಬ್‌ಟೈಟಲ್ ಅವರು,
ಟಿವಿ ಪರದೆಯ ಕೆಳತುದಿ,
ಮೊಕ್ಕಾಂ ದಾಂಡೇಲಿ.

ವಿಷಯ: ಮನೆಯ ಮೀಡಿಯಾ ಸರ್ವರ್‌ನ ಪ್ರೊಸೆಸರ್ ಶೇ. 100ಕ್ಕೆ ಏರಿ ಕೂತು ಇಳಿಯದಿರುವ ಬಗ್ಗೆ.

ಮಾನ್ಯರೇ,

ತಾವು ಎರಡೇ ಸಾಲಿನವರು. ಸದ್ದು ಮಾಡದೆ ಬರುತ್ತೀರಿ, ಹೇಳದೆ ಹೋಗುತ್ತೀರಿ. ಇಂಥ ಸಂಭಾವಿತರ ಮೇಲೆ ದೂರು ಬರೆಯಬೇಕಾಗಿ ಬಂದದ್ದು ನಮ್ಮ ಕರ್ಮ.

ನಮ್ಮದು ಮಿನಿ ಇಂಡಿಯಾ ಎನಿಸಿಕೊಂಡ ಊರು. ಕಾಗದ ಕಾರ್ಖಾನೆ ಬಂತು, ಹಿಂದೆಯೇ ಹತ್ತು ಕಡೆಯ ಜನ ಬಂದರು. ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು ಒಂದೇ ಓಣಿಯಲ್ಲಿ ಸಂಸಾರ ಹೂಡಿದವು. ಸಂತೆಯಲ್ಲಿ ಇಷ್ಟೂ ಭಾಷೆಗಳಲ್ಲಿ ಚೌಕಾಶಿ ಮಾಡುವ ನಾವು ಮಲಯಾಳಂ ಸಿನಿಮಾದ ಮುಂದೆ ಮಾತ್ರ ಮೂಕರು. ಆಗ ತಮ್ಮ ಕಾಲು ಹಿಡಿಯದೆ ಗತಿಯಿಲ್ಲ. ಈ ಅಸಹಾಯಕತೆಯನ್ನೇ ತಾವು ದುರುಪಯೋಗ ಮಾಡಿಕೊಂಡಿದ್ದೀರಿ ಎಂಬುದು ನಮ್ಮ ಆರೋಪ.

ತಾವು ಪರದೆಗೆ ಇಳಿದದ್ದೇ ತಡ, ಕಪಾಟಿನಲ್ಲಿರುವ ಸರ್ವರ್‌ನ ಫ್ಯಾನು ಒರಲತೊಡಗುತ್ತದೆ. ನಾಯಕ ಬಾಯಿ ತೆರೆದವನು ತೆರೆದೇ ನಿಲ್ಲುತ್ತಾನೆ, ಅವನ ಮುಖದ ಮೇಲೆ ಒಂದು ಚಕ್ರ ಗರಗರ ತಿರುಗುತ್ತದೆ. ಕೂಡಲೇ ಮನೆಯಲ್ಲಿ ವಿಚಾರಣಾ ಸಮಿತಿ ಕೂಡುತ್ತದೆ. "ಡಬ್ಬಿ ಹಳೇದಾತು, ಹೊಸಾದು ತಗೋರಿ" ಎನ್ನುತ್ತಾರೆ ಹಳಿಯಾಳದ ಕಾಕಾ. "ವೈರಸ್ ಹೊಕ್ಕಿರಬೇಕು ನೋಡ್ರಿ ಮಾವಾ" ಎನ್ನುತ್ತಾನೆ ಅಳಿಯ. "ಮಳಿಗಾಲದ ಥಂಡಿ ಹಿಡದೈತಿ, ಒಂದಿನಾ ಬಿಸಲಿಗೆ ಇಡ್ರಿ" ಎಂಬುದು ಆಯಿಯ ಸಲಹೆ. ಮೂವರೂ ತಮ್ಮ ಎರಡು ಸಾಲನ್ನು ಓದುತ್ತಲೇ ಮಾತಾಡುತ್ತಿದ್ದರು. ಒಬ್ಬರಾದರೂ ತಮ್ಮ ಕಡೆ ಬೆರಳು ಮಾಡಲಿಲ್ಲ.

ನಾವು ಸರ್ವರ್ ನಡೆಸುವ ಜೆಲ್ಲಿಫಿನ್ ತಂತ್ರಾಂಶದ ಡ್ಯಾಶ್‌ಬೋರ್ಡ್ ತೆರೆದೆವು. ಸಿನಿಮಾದ ಹೆಸರಿನ ಪಕ್ಕದ ಚಿಕ್ಕ ಗುರುತನ್ನು ಒತ್ತಿದರೆ ಟ್ರಾನ್ಸ್‌ಕೋಡ್, ಅಂದರೆ ವಿಡಿಯೋವನ್ನು ಬಿಚ್ಚಿ ಮತ್ತೆ ಕಟ್ಟುವ ಕೆಲಸ, ನಡೆದಿದೆ ಎಂದಿತ್ತು. ಕಾರಣದ ಜಾಗದಲ್ಲಿ ತಮ್ಮ ಹೆಸರೇ ಇತ್ತು: ಈ ಬಗೆಯ ಸಬ್‌ಟೈಟಲ್ ಟಿವಿಗೆ ಒಗ್ಗುವುದಿಲ್ಲ.

ಬೇರೆಯವರನ್ನೂ ವಿಚಾರಿಸಿದೆವು, ನ್ಯಾಯ ತಪ್ಪಬಾರದು ನೋಡಿ. ಹೊಸ ಸಿನಿಮಾ ಸೇರಿಸಿದಾಗ ಸರ್ವರ್ ಇಡೀ ಸಂಗ್ರಹವನ್ನು ಜಾಲಾಡುತ್ತದೆ, ಮುನ್ನೋಟದ ಪುಟ್ಟ ಚಿತ್ರಗಳನ್ನು ಮಾಡುತ್ತದೆ. ಆಗಲೂ ಪ್ರೊಸೆಸರ್ ಏರುವುದು ನಿಜ. ಆದರೆ ಕೆಲಸ ಮುಗಿದ ಮೇಲೆ ಇಳಿಯುತ್ತದೆ. ಪ್ಲೆಕ್ಸ್‌ನಂಥ ಇನ್ನೊಂದು ಸರ್ವರ್ ತಂತ್ರಾಂಶ ಇಂಥ ಕೆಲಸಗಳನ್ನು ತಾನಾಗಿಯೇ ರಾತ್ರಿ 2ರಿಂದ 5ರ ನಡುವೆ ಇಟ್ಟುಕೊಂಡಿರುತ್ತದೆ, ಊರು ಮಲಗಿದ ಮೇಲೆ. ತಾವೋ, ಸರಿಯಾಗಿ ಊಟದ ಹೊತ್ತಿಗೆ ಹಾಜರು.

ತಮ್ಮ ಜಾತಕವನ್ನೂ ತೆಗೆಸಿದೆವು. ತಾವು ಬ್ಲೂ-ರೇ ಡಿಸ್ಕ್‌ನಿಂದ ಬಂದ ಪಿಜಿಎಸ್ ಮನೆತನದವರು. ನೋಡಲು ಅಕ್ಷರ, ಅಸಲಿಗೆ ಚಿತ್ರ. ಟಿವಿಗೆ 2013ರಲ್ಲಿ ಬಂದ ಎಚ್‌ಇವಿಸಿ ಬಗೆಯ ವಿಡಿಯೋ ನೇರವಾಗಿ ಅರಗುತ್ತದೆ. ತಾವಿಲ್ಲದಿದ್ದರೆ ಸರ್ವರ್ ಫೈಲನ್ನು ಇದ್ದ ಹಾಗೇ ದಾಟಿಸಿ ಸುಮ್ಮನೆ ಕೂರುತ್ತದೆ. ತಮ್ಮನ್ನು ಬಿಡಿಸಿಕೊಳ್ಳಲು ಮಾತ್ರ ಟಿವಿಗೆ ಬಾರದು. ಹಾಗಾಗಿ ಸರ್ವರ್ ಒಂದೊಂದೇ ಫ್ರೇಮನ್ನು ಬಿಚ್ಚಬೇಕು, ಅದರ ಮೇಲೆ ತಮ್ಮನ್ನು ಅಚ್ಚೊತ್ತಬೇಕು, ಮತ್ತೆ ಕಟ್ಟಿ ಕಳಿಸಬೇಕು. 4ಕೆ ಸಿನಿಮಾದ ಒಂದು ಫ್ರೇಮಿನಲ್ಲಿ ಸುಮಾರು 83 ಲಕ್ಷ ಬಿಂದುಗಳು. ಸೆಕೆಂಡಿಗೆ 24 ಫ್ರೇಮು. ಅಂದರೆ "ಹೂಂ" ಎಂಬ ಒಂದು ಹೂಂಕಾರ ಒಂದು ಸೆಕೆಂಡು ನಿಂತರೆ ಸುಮಾರು 20 ಕೋಟಿ ಬಿಂದುಗಳನ್ನು ಬಿಚ್ಚಿ ಕಟ್ಟುವ ಕೆಲಸ!

ಇಷ್ಟಾದರೂ ಬೈಗುಳ ಪ್ರೊಸೆಸರ್‌ಗೆ. ನಮ್ಮ ಕಾಳಿ ನದಿಯನ್ನೇ ನೋಡಿ. ಜೋಯಿಡಾ ತಾಲ್ಲೂಕಿನ ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ನಿಂತ ಕಾಳಿಯ ನೀರು ಬೊಮ್ಮನಹಳ್ಳಿ ದಾಟಿ ನಾಗಝರಿಯ ವಿದ್ಯುದಾಗಾರಕ್ಕೆ ಬರುತ್ತದೆ. ಸಂಜೆ ನಾಡಿನ ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಂಡಾಗ ಅಲ್ಲಿನ ಯಂತ್ರಗಳೂ ಜೋರಾಗುತ್ತವೆ. ಅವಕ್ಕೆ ರೋಗ ಬಂದಿದೆ ಎಂದು ಯಾರೂ ಹೇಳುವುದಿಲ್ಲ, ಬೇಡಿಕೆ ಏರಿದೆ ಎನ್ನುತ್ತಾರೆ. ಅದೇ ಮರ್ಯಾದೆ ನಮ್ಮ ಕಪಾಟಿನ ದುಡಿಮೆಗಾರನಿಗೂ ಸಿಗಲಿ. ಶೇ. 100 ಎಂದು ಕಂಡಾಗ ಕೇಳಬೇಕಾದದ್ದು ಒಂದೇ: ಇಷ್ಟು ದುಡಿಸುತ್ತಿರುವವರು ಯಾರು?

ಸಮಿತಿಯ ಆದೇಶಗಳು ಹೀಗಿವೆ:

ಒಂದು, ತಾವು ಇನ್ನು ಮುಂದೆ ಚಿತ್ರರೂಪ ಬಿಟ್ಟು ಎಸ್‌ಆರ್‌ಟಿ ಪಠ್ಯವಾಗಿ ಬರತಕ್ಕದ್ದು. ಆಗ ತಮ್ಮನ್ನು ಟಿವಿಯೇ ಬರೆದುಕೊಳ್ಳುತ್ತದೆ. ಒಪ್ಪದಿದ್ದರೆ ಸಬ್‌ಟೈಟಲ್ ಎಡಿಟ್ ಎಂಬ ತಂತ್ರಾಂಶದ ಮುಂದೆ ನಿಲ್ಲಿಸಿ ತಮ್ಮ ಚಿತ್ರವನ್ನು ಅಕ್ಷರಕ್ಕೆ ಇಳಿಸಲಾಗುವುದು.

ಎರಡು, ಚಿತ್ರವಾಗಿಯೇ ಬರುತ್ತೇನೆಂದು ಹಟ ಹಿಡಿದರೆ, ಪಿಜಿಎಸ್ ಓದಬಲ್ಲ ಪೆಟ್ಟಿಗೆಯೊಂದನ್ನು ಟಿವಿಗೆ ಜೋಡಿಸಿ ಅದಕ್ಕೇ ತಮ್ಮ ಸೇವೆ ವಹಿಸಲಾಗುವುದು.

ಮೂರು, ಪ್ರೊಸೆಸರ್ ಚಿಪ್ಪಿನೊಳಗೇ ಇರುವ ಗ್ರಾಫಿಕ್ಸ್ ಭಾಗವನ್ನು ದುಡಿಮೆಗೆ ಹಚ್ಚಲಾಗುವುದು. ಇಂಟೆಲ್‌ನ ಕ್ವಿಕ್ ಸಿಂಕ್ 2011ರಿಂದ ಇದೆ. 10 ಬಿಟ್ ಎಚ್‌ಇವಿಸಿ ಬೇಕಿದ್ದರೆ ಏಳನೇ ತಲೆಮಾರು ಅಥವಾ ಆಮೇಲಿನದು ಇರಬೇಕು. ಪ್ಲೆಕ್ಸ್ ಈ ಸೌಲಭ್ಯಕ್ಕೆ ಹಣ ಕೇಳುತ್ತದೆ. 2018ರಲ್ಲಿ ಎಂಬಿ ಎಂಬ ತಂತ್ರಾಂಶದಿಂದ ಬೇರೆಯಾದ ಜೆಲ್ಲಿಫಿನ್ ಕೇಳುವುದಿಲ್ಲ, ಸೆಟಿಂಗ್‌ನಲ್ಲಿ ಒಂದು ಗುರುತು ಹಾಕಿದರಾಯಿತು. ಆ ಗುರುತು ಹಾಕುವ ಮೊದಲು ಹೊಸ ಡಬ್ಬಿಯ ಮಾತೆತ್ತಿದವರಿಗೆ ಅಂದಿನ ಚಹಾ ಇಲ್ಲ.

ತಮ್ಮ ವಿಧೇಯ,
ಸರ್ವರ್ ಇರುವ ಕಪಾಟಿನ ಮಾಲೀಕ

ಪ್ರತಿಗಳು:
1. ಟಿವಿಗೆ: ಪರದೆಯಷ್ಟೇ ಮನಸ್ಸೂ ದೊಡ್ಡದಾಗಲಿ ಎಂಬ ಕೋರಿಕೆಯೊಂದಿಗೆ.
2. ಬೆಂಗಳೂರಿನಲ್ಲಿರುವ ಮಗನ ಮೊಬೈಲಿಗೆ: ಅಲ್ಲಿಂದ ಗುಣಮಟ್ಟ ಇಳಿಸಿ ನೋಡಿದರೂ ಇಲ್ಲಿ ಟ್ರಾನ್ಸ್‌ಕೋಡ್ ಶುರುವಾಗುತ್ತದೆ ಎಂಬ ಎಚ್ಚರಿಕೆಯೊಂದಿಗೆ.
3. ಇನ್ವರ್ಟರ್‌ಗೆ: ಜೂನ್ ಗಾಳಿಗೆ ತಂತಿಯ ಮೇಲೆ ಮರ ಬಿದ್ದ ರಾತ್ರಿಗಳಲ್ಲಿ ಸಬ್‌ಟೈಟಲ್ ಇಲ್ಲದೆ ಮೂಲ ಭಾಷೆಯಲ್ಲೇ ಸಿನಿಮಾ ನೋಡಲಾಗುವುದು.
4. ಪ್ರೊಸೆಸರ್‌ಗೆ: ತಾವು ನಿರ್ದೋಷಿ ಎಂದು ತೀರ್ಮಾನವಾಗಿದೆ. ಫ್ಯಾನಿನ ಧೂಳು ತೆಗೆಯುವ ವಿಷಯ ಪರಿಶೀಲನೆಯಲ್ಲಿದೆ.