ಹದಿನೇಳು ಸೀಟು, ಇಪ್ಪತ್ತಮೂರು ಜನ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ದೊಡ್ಡ ಕುಟುಂಬದ ಪ್ರವಾಸ ಶುರುವಾಗುವುದು ಟಿ.ಟಿ. (ಟೆಂಪೊ ಟ್ರಾವೆಲರ್) ಗೊತ್ತು ಮಾಡುವಲ್ಲಿಂದ. ಸೀಟು ಹದಿನೇಳು, ಹೊರಡುವವರು ಇಪ್ಪತ್ತಮೂರು. ಮಕ್ಕಳನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿಯಿಲ್ಲ. ಬೆಳಗ್ಗೆ ಆರಕ್ಕೆ ಎಂದರೆ ಎಂಟೂವರೆ. ಪುಳಿಯೋಗರೆಯ ಪಾತ್ರೆ, ಮೊಸರನ್ನದ ಡಬ್ಬಿ, ಜಮಖಾನ ಎಲ್ಲ ಹತ್ತಿ, ಗಾಡಿ ಹೊರಟ ಮೇಲೆ ದೊಡ್ಡಮ್ಮನಿಗೆ ಗ್ಯಾಸ್ ಆಫ್ ಮಾಡಿದ ಬಗ್ಗೆ ಅನುಮಾನ ಹುಟ್ಟುತ್ತದೆ. ಗಾಡಿ ತಿರುಗುತ್ತದೆ. ಗ್ಯಾಸ್ ಆಫೇ ಆಗಿರುತ್ತದೆ.

ಮೊದಲ ನಿಲುಗಡೆ ಅಮೃತಾಪುರ. ಎರಡನೇ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಕಡೆದ ಕಂಬಗಳ ಹೊಳಪು ಹೇಗಿದೆಯೆಂದರೆ, ಶಿಲ್ಪ ನೋಡಬೇಕಾದ ಚಿಕ್ಕಪ್ಪಂದಿರು ಕ್ರಾಪು ತಿದ್ದಿಕೊಳ್ಳುತ್ತಾರೆ.

ಮುಂದಿನ ನಿಲುಗಡೆ ದ್ವೀಪ ನೋಡಲು. ದ್ವೀಪ ಕಾಣಲು ಕೆರಿಬಿಯನ್ನಿಗೇ ಹೋಗಬೇಕಾಗಿಲ್ಲ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ದ್ವೀಪಗಳು ಮೇಲೇಳುತ್ತವೆ. ರಿವರ್ ಟರ್ನ್ ಹಕ್ಕಿಗಳು ಹಿಂಡುಹಿಂಡಾಗಿ ಬಂದು ಬರೀ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಅವೂ ಸಂಸಾರ ಸಮೇತವೇ ಬರುವುದು. ಗದ್ದಲ ಮಾತ್ರ ಟಿ.ಟಿ.ಯೊಳಗಿನಷ್ಟಿಲ್ಲ. ಬೋಟಿನಲ್ಲಿ ಅತ್ತೆ ಲೈಫ್ ಜಾಕೆಟ್ಟನ್ನು ರೇಷ್ಮೆ ಸೀರೆಯ ಮೇಲೆ ಹಾಕಲು ಒಪ್ಪುವುದೇ ಅರ್ಧ ಗಂಟೆಯ ಕೆಲಸ.

ಹೋಗುವವರು ಬೇಸಿಗೆಯಲ್ಲೇ ಹೋಗಬೇಕು. ಮಳೆ ಹಿಡಿದು ಭದ್ರೆ ತುಂಬಿದರೆ ಆ ದ್ವೀಪಗಳು ಮುಳುಗುತ್ತವೆ.